ಮೂರು ಅಂಗಡಿಯ ಉತ್ತರ, ಒಂದು ಗಂಗಾಳ

ಆಗ ನನಗೆ ಅರವತ್ತಾರು ವರ್ಷ. ನಾಲ್ಕು ವರ್ಷದ ಹಿಂದಿನ ಮಾತು. ಅರವತ್ತಾರು ಎಂಬುದು ಆಧಾರ್ ಕಾರ್ಡಿನ ಲೆಕ್ಕ. ಬರೆದವನು ನನ್ನ ಮುಖ ನೋಡಿ ಅಂದಾಜಿಗೆ ಬರೆದ, ನಾನು ಹೂಂ ಎಂದೆ. ಅಚ್ಚಾಗಿ ಬಂದದ್ದಕ್ಕೆ ಆಗೆಲ್ಲ ನಾನು ಎದುರಾಡುತ್ತಿರಲಿಲ್ಲ.

ಮೊನ್ನೆ ಗ್ರಂಥಾಲಯದ ಬೀರು ಸರಿಸಿ ಕಸ ಹೊಡೆಯುವಾಗ ಅದರ ಹಿಂದೆ ಒಂದು ನೋಟ್ ಬುಕ್ಕು ಸಿಕ್ಕಿತು. ತೆರೆದರೆ ಹಾಳೆಗಳ ನಡುವಿನಿಂದ ಶೇಂಗಾ ಸಿಪ್ಪೆ ಉದುರಿತು. ಮಳೆಗೆ ತೋಯ್ದು ಒಣಗಿದ ಶೇಂಗಾಕ್ಕೆ ಒಂದು ಮುಗ್ಗಲು ವಾಸನೆ ಇರುತ್ತದೆ. ಅದು ಮೂಗಿಗೆ ಬಡಿದದ್ದೇ ಆ ವರ್ಷದ ಹಂಗಾಮು ಪೂರಾ ನೆನಪಾಯಿತು. ಇದನ್ನು ಗಿರಿಜಾಳಿಗೆ ಹೇಳಿದೆ. "ಬರೀರಿ ದೊಡ್ಡಮ್ಮ" ಎಂದಳು. ಬರೆದಿದ್ದೇನೆ. ಒತ್ತಕ್ಷರ ಅವಳು ತಿದ್ದಿದ್ದಾಳೆ, ಮಾತು ತಿದ್ದಲು ನಾನು ಬಿಟ್ಟಿಲ್ಲ.

ನನ್ನ ಹೆಸರು ದುರುಗಮ್ಮ. ತವರು ಹಡಗಲಿ ತಾಲ್ಲೂಕಿನ ಮಾಗಳ. ಕೊಟ್ಟ ಊರು ಕೂಡ್ಲಿಗಿಗೂ ಕೊಟ್ಟೂರಿಗೂ ನಡುವೆ. ಮೂವತ್ತು ವರ್ಷ ಕೊಟ್ಟೂರಿನಲ್ಲಿ ಒಬ್ಬ ಸಾವ್ಕಾರರ ಅಂಗಳದಲ್ಲಿ ಶೇಂಗಾ ಆರಿಸಿದ್ದೇನೆ. ಅಕ್ಷರ ಕಲಿತದ್ದು ಚೀಲದ ಮೇಲಿನ ಅಚ್ಚು ನೋಡಿ, ಬಸ್ಸಿನ ಬೋರ್ಡು ನೋಡಿ. ಮೊಣಕಾಲು ಕೂರಲು ಬಿಡದೆ ಹೋದಮೇಲೆ ನಮ್ಮೂರ ಪಂಚಾಯಿತಿ ಗ್ರಂಥಾಲಯಕ್ಕೆ ಬಂದೆ. ಬಾಗಿಲು ತೆಗೆಯುವುದು, ಗುಡಿಸುವುದು, ಕೊಡ ತುಂಬುವುದು, ಪೇಪರು ಜೋಡಿಸುವುದು ನನ್ನ ಕೆಲಸ. ಗಿರಿಜಾ ಅಲ್ಲಿನ ಮೇಲ್ವಿಚಾರಕಿ. ಓದಿದ ಹುಡುಗಿ, ಚುರುಕು, ಆದರೆ ಅವಸರ. ಎರಡು ಕಂಪ್ಯೂಟರು ಇದ್ದವು. ಒಂದು ನಡೆಯುತ್ತಿತ್ತು.

ನಮ್ಮ ಕಡೆ ಐದು ತಾಲ್ಲೂಕಿನ ಮಹಿಳಾ ಸಂಘಗಳು ಸೇರಿ ಒಂದು ಒಕ್ಕೂಟ ಮಾಡಿಕೊಂಡಿದ್ದೇವೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಶೇಂಗಾ ಒಕ್ಕಣೆ ಮುಗಿದ ಮೇಲೆ ವರ್ಷಕ್ಕೊಮ್ಮೆ ಹೆಂಗಸರಿಗೇ ರಸಪ್ರಶ್ನೆ. ತಾಲ್ಲೂಕಿಗೆ ಒಂದು ತಂಡ, ತಂಡಕ್ಕೆ ಮೂವರು. ಉತ್ತರ ಸರಿಯಾದರೆ ಚಪ್ಪಾಳೆ. ತಪ್ಪಾದರೆ ಊಟದ ಹಿತ್ತಾಳೆ ಗಂಗಾಳ ಬಾರಿಸುವುದು ಪದ್ಧತಿ. ನಮ್ಮೂರಲ್ಲಿ ನಡೆದಾಗ ಗಂಗಾಳ ನನ್ನ ಕೈಲಿತ್ತು. ಯಾಕೆಂದರೆ ಗಂಗಾಳವೂ ನನ್ನದೇ.

ನಾನು ಹೇಳಬೇಕೆಂದಿರುವ ವರ್ಷಕ್ಕಿಂತ ಹಿಂದಿನ ವರ್ಷ ಒಂದು ಕೆಟ್ಟ ಕೆಲಸ ಆಯಿತು. ಅದನ್ನು ಮೊದಲು ಹೇಳುತ್ತೇನೆ. ನಮ್ಮ ಜಿಲ್ಲೆ ಹೊಸದಾದ ವರ್ಷ ಅದು. ಬಳ್ಳಾರಿಯಿಂದ ಒಡೆದು ವಿಜಯನಗರ ಜಿಲ್ಲೆ ಮಾಡಿದ್ದರು. ರಸಪ್ರಶ್ನೆ ನಮ್ಮ ಗ್ರಂಥಾಲಯದ ಹಾಲ್‌ನಲ್ಲೇ ಇತ್ತು. ಗಿರಿಜಾ ಪ್ರಶ್ನೆ ಓದುತ್ತಿದ್ದಳು.

"ನಮ್ಮ ರಾಜ್ಯದಾಗ ಒಟ್ಟು ಎಷ್ಟು ಜಿಲ್ಲೆ ಅದಾವ?"

ಸರದಿ ಹರಪನಹಳ್ಳಿ ತಂಡದ್ದು. ಅದರ ಮುಂದಾಳು ಚಿಗಟೇರಿಯ ಹನುಮಕ್ಕ. ಅವಳು ನನ್ನ ಬೀಗತಿ. ನನ್ನ ಮಗಳು ಮಂಜುಳಾಳನ್ನು ಅವಳ ಮಗನಿಗೇ ಕೊಟ್ಟಿರುವುದು.

"ಮೂವತ್ತೊಂದು" ಎಂದಳು ಹನುಮಕ್ಕ.

ಗಿರಿಜಾ ಅಚ್ಚು ಹಾಕಿಸಿದ್ದ ಉತ್ತರದ ಕಾಗದ ನೋಡಿದಳು. "ತಪ್ಪು. ಮೂವತ್ತು."

"ಏನವ್ವಾ, ನಾವು ಕುಂತಿರೋ ಜಿಲ್ಲೇನ ಬಿಟ್ಟು ಎಣಿಸೀಯೇನು?"

ಹಾಲ್‌ನಲ್ಲಿ ಗುಸುಗುಸು ಎದ್ದಿತು. ಒಕ್ಕೂಟದ ಅಧ್ಯಕ್ಷೆ ಎದ್ದು, "ಕಾಗದದಾಗ ಇದ್ದದ್ದೇ ಉತ್ತರ ಅಂತ ಮೊದಲೇ ಹೇಳೀವಿ, ಸುಮ್ನಿರ್ರಿ" ಎಂದಳು. ಎಲ್ಲರೂ ನನ್ನ ಕಡೆ ನೋಡಿದರು. ನನಗೆ ಗೊತ್ತಿತ್ತು. ಹೊಸ ಜಿಲ್ಲೆ ಆಯಿತೆಂದು ಪಂಚಾಯಿತಿಯಲ್ಲಿ ಪೇಡೆ ಹಂಚಿದ ದಿನ ಅದರ ಕಾಗದದ ಚೂರು ಗುಡಿಸಿದವಳು ನಾನೇ. ಆದರೂ ಅಕ್ಷರ ಬಲ್ಲವರು ಬರೆದಿದ್ದಾರೆ, ನನ್ನದೇನು ಎಂದುಕೊಂಡೆ. ಬಾರಿಸಿದೆ.

ಹರಪನಹಳ್ಳಿಯವರು ಆ ಒಂದು ಉತ್ತರದಿಂದಲೇ ಸೋತರು. ಅವರು ಹೋಗುವ ಹೊತ್ತಿಗೆ ಗಿರಿಜಾ ಮತ್ತೆ ಕಂಪ್ಯೂಟರ್ ನೋಡಿ ಬೆಪ್ಪಾಗಿ ಕುಳಿತಿದ್ದಳು. ಅವಳು ಬರೆದುಕೊಂಡದ್ದು ಜಿಲ್ಲೆ ಒಡೆಯುವ ಮೊದಲಿನ ಪುಟ. ಹನುಮಕ್ಕ ಬಸ್ಸಿನ ಮೆಟ್ಟಿಲ ಮೇಲೆ ನಿಂತು ನನಗೆ ಹೇಳಿದ ಮಾತು ಈಗಲೂ ಕಿವಿಯಲ್ಲಿದೆ. "ಬೀಗತೇರ, ಗಂಗಾಳ ಚಲೋ ಬಾರಿಸ್ತೀರಿ. ಮದುವಿ ಮನಿಯಾಗ ಊಟಕ್ಕ ಕರಿಯಾಕ ಬರ್ರಿ."

ಮರುವಾರ ಮಗಳು ಫೋನು ಮಾಡಿದಳು. "ಅತ್ತಿ ಬೈದಳೇನೇ?" ಎಂದೆ. "ಇಲ್ಲ ಯವ್ವಾ, ಏನೂ ಅನ್ನವಲ್ಲಳು. ಅದೇ ಕಷ್ಟ ಆಗೇತಿ" ಎಂದಳು. ನಾನು ಆ ವರ್ಷ ಪೂರಾ ಚಿಗಟೇರಿಗೆ ಹೋಗಲಿಲ್ಲ.

ಮುಂದಿನ ಶ್ರಾವಣದಲ್ಲಿ ಒಕ್ಕೂಟದ ಸಭೆ ಕೂಡಿತು. ಸ್ಪರ್ಧೆ ಬೇರೆ ಊರಿಗೆ ಹೋಗುತ್ತದೆ ಎಂದುಕೊಂಡಿದ್ದೆವು. ಹನುಮಕ್ಕ ಎದ್ದು, "ಅಲ್ಲೇ ಇಡ್ರಿ. ಈ ಸಲ ಏನು ಮಾಡ್ತಾರ ನೋಡೂಣು" ಎಂದಳು. ಜೊತೆಗೆ ಒಂದು ಕಟ್ಟು ಹಾಕಿಸಿದಳು. ಯಾವ ತಂಡ ಬೇಕಾದರೂ ಉತ್ತರವನ್ನು ಪ್ರಶ್ನಿಸಬಹುದು. ಒಂದೇ ಒಂದು ಉತ್ತರ ಸುಳ್ಳೆಂದು ತೋರಿಸಿದರೂ ಗಿರಿಜಾ ಇನ್ನು ಮುಂದೆ ಪ್ರಶ್ನೆಪತ್ರಿಕೆ ಮಾಡುವಂತಿಲ್ಲ, ನಮ್ಮೂರಿಗೆ ಸ್ಪರ್ಧೆ ಬರುವಂತಿಲ್ಲ. ಅರವತ್ತು ಪ್ರಶ್ನೆ. ಅರವತ್ತೂ ಗಟ್ಟಿ ಇರಬೇಕು.

ಗಿರಿಜಾ ಮುಖ ಸಣ್ಣದು ಮಾಡಿಕೊಂಡು ಬಂದಳು. "ನನ್ನ ಕೈಲಿ ಆಗಲ್ಲ ದೊಡ್ಡಮ್ಮ. ಬಿಟ್ಟುಬಿಡ್ತೀನಿ."

"ಹೋದ ವರ್ಷ ಉತ್ತರ ಹೆಂಗ ಹುಡುಕಿದಿ, ಅದನ್ನ ಹೇಳು."

"ಟೈಪ್ ಮಾಡಿದೆ. ಮ್ಯಾಲ ಬಂತು. ಬರಕೊಂಡೆ."

"ಮ್ಯಾಲ ಬಂದದ್ದಷ್ಟೇ?"

"ಹೂಂ."

"ಚೀಲದ ಮ್ಯಾಲಿನ ಹಿಡಿ ನೋಡಿ ನಮ್ಮ ಸಾವ್ಕಾರ ಒಂದು ದಿನಾನೂ ಮಾಲು ತಗಂಡಿಲ್ಲ."

ಶೇಂಗಾ ಚೀಲದ ವಿಷಯ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮಾರುವವನು ಬಾಯಿಯ ಹತ್ತಿರ ದಪ್ಪ ಕಾಯಿ ತುಂಬಿರುತ್ತಾನೆ. ನಡುವೆ ಜೊಳ್ಳು ಇರುತ್ತದೆ. ತಳದಲ್ಲಿ ಮಣ್ಣುಹೆಂಟೆಯೂ ಇರಬಹುದು. ಅದಕ್ಕೇ ಚೂಪು ಕೊಳವೆಯಿಂದ ಚೀಲಕ್ಕೆ ಮೂರು ಕಡೆ ಚುಚ್ಚಿ ಮಾದರಿ ತೆಗೆಯುತ್ತೇವೆ. ಆ ಮಾದರಿಯನ್ನು ಮೊರದಲ್ಲಿ ಹರಡಿ ಹೇಳುವುದು ಮೂವತ್ತು ವರ್ಷ ನನ್ನ ಕೆಲಸವಾಗಿತ್ತು. ನಾನು ಬೇಡವೆಂದ ಚೀಲ ಸಾವ್ಕಾರರು ಕೊಂಡದ್ದಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿದ್ದೇನೆ ಎಂದರೆ ಹೌದು, ಜಂಬಕ್ಕೇ.

"ಉತ್ತರ ಹುಡುಕಾಕ ಇದೊಂದೇ ಅಂಗಡೀನೋ, ಬ್ಯಾರೇನೂ ಅದಾವೋ?" ಎಂದು ಕೇಳಿದೆ.

"ಅದಾವ. ಯಾರೂ ಹೋಗಲ್ಲ."

"ತೆಗಿ."

ಕಂಪ್ಯೂಟರಿನಲ್ಲಿ ಹುಡುಕುವ ಮೂರು ತಾಣ ತೆಗೆದಳು. ಅವಕ್ಕೆ ಅವರವರ ಹೆಸರಿವೆ, ನನ್ನ ಬಾಯಿಗೆ ಬರುವುದಿಲ್ಲ. ನಾವೇ ಹೆಸರಿಟ್ಟೆವು. ಎಲ್ಲರೂ ಹೋಗುವುದಕ್ಕೆ ದೊಡ್ಡಂಗಡಿ. ಕಂಪ್ಯೂಟರಿನ ಜೊತೆಗೇ ಬಂದು, ಕರೆಯದಿದ್ದರೂ ಮುಂದೆ ಬಂದು ನಿಲ್ಲುವುದಕ್ಕೆ ಮನೆಯಳಿಯ. ಮೂರನೆಯದು, ನೀವು ಯಾರು, ಹಿಂದೆ ಏನು ಕೇಳಿದ್ದಿರಿ ಎಂಬುದನ್ನು ನೆನಪಿಡುವುದಿಲ್ಲ ಎಂದು ಹೇಳಿಕೊಳ್ಳುತ್ತಿತ್ತಂತೆ. ಅದು ಮರೆಗುಳಿ.

ತಕ್ಕಡಿ ಹೊಸದಾದರೆ ಮೊದಲು ಗೊತ್ತಿರುವ ಕಲ್ಲನ್ನೇ ಇಟ್ಟು ನೋಡುತ್ತೇವೆ. ಹಾಗೆಯೇ ಮೊದಲ ದಿನ ನಮಗೆ ಗೊತ್ತಿದ್ದದ್ದನ್ನೇ ಕೇಳೋಣ ಎಂದೆ. ಗಿರಿಜಾ ನಕ್ಕಳು. "ಗೊತ್ತಿದ್ದದ್ದನ್ನ ಯಾಕ ಕೇಳ್ಬೇಕು?"

"ಉತ್ತರ ಬ್ಯಾಡ ನನಗ. ಅಂಗಡಿ ಎಂಥಾದು ಗೊತ್ತಾಗ್ಲಿ."

ಮಾಗಳ ಯಾವ ನದಿಯ ದಂಡೆಯಲ್ಲಿದೆ ಎಂದು ಕೇಳಿಸಿದೆ. ಆ ನೀರಿನಲ್ಲೇ ಬಟ್ಟೆ ಒಗೆದು ಬೆಳೆದವಳು ನಾನು. ಮೂರೂ ತುಂಗಭದ್ರೆ ಎಂದವು. ಹಡಗಲಿ ಮಲ್ಲಿಗೆಗೆ ಸರ್ಕಾರದ ಭೌಗೋಳಿಕ ಗುರುತು ಸಿಕ್ಕಿದೆಯೋ ಎಂದು ಕೇಳಿದೆವು. ಸಿಕ್ಕಿದೆ ಎಂದವು. ಒಂದು ಕಡೆ ಪೇಪರಿನ ಸುದ್ದಿ, ಒಂದು ಕಡೆ ಸರ್ಕಾರದ ಪಟ್ಟಿ, ಇನ್ನೊಂದು ಕಡೆ ಹೂವಿನ ತೋಟದವರ ಬರಹ. ಚಲೋ ಆಯಿತು.

ಮೂರನೆಯ ಪ್ರಶ್ನೆಯಾಗಿ ಹರಪನಹಳ್ಳಿ ಯಾವ ಜಿಲ್ಲೆ ಎಂದು ಕೇಳಿಸಿದೆ. ಅಲ್ಲಿ ಮಜಾ ಬಂತು. ದೊಡ್ಡಂಗಡಿ ವಿಜಯನಗರ ಎಂದು ಮೇಲೆ ದಪ್ಪಗೆ ಬರೆದು, ಅದರ ಕೆಳಗೇ ದಾವಣಗೆರೆ ಎನ್ನುವ ಪುಟ ಇಟ್ಟಿತ್ತು. ಮನೆಯಳಿಯ ಬಳ್ಳಾರಿ ಎಂದ. ಮರೆಗುಳಿ ಮೊದಲ ಸಾಲಿನಲ್ಲೇ ದಾವಣಗೆರೆ ತಂದಿತು.

"ಮೂರೂ ಸುಳ್ಳುಬುರುಕವು" ಎಂದಳು ಗಿರಿಜಾ.

ನನಗೆ ಹಾಗೆ ಅನ್ನಿಸಲಿಲ್ಲ. ಒಂದು ವರ್ಷ ಮಾತಾಡದಿದ್ದವಳು ಗಟ್ಟಿಮನಸ್ಸು ಮಾಡಿ ಹನುಮಕ್ಕನಿಗೆ ಫೋನು ಹಚ್ಚಿಸಿದೆ.

"ಬೀಗತೇರ, ನಾನು ದುರುಗಮ್ಮ."

"ಗಂಗಾಳದವ್ರಾ? ಹೇಳ್ರಿ."

"ನಿಮ್ಮ ಮನಿಯಾಗಿನ ಹಳೇ ಕಾರ್ಡು ತೆಗೀರಿ. ಯಾವುದರಾಗ ಯಾವ ಜಿಲ್ಲಿ ಐತಿ ಓದ್ರಿ."

ಪೆಟ್ಟಿಗೆ ಎಳೆದ ಸದ್ದು ಕೇಳಿಸಿತು. ಅವಳ ಗಂಡನ ಹಳೆಯ ಪಹಣಿಯಲ್ಲಿ ಬಳ್ಳಾರಿ. ಅವಳ ಚುನಾವಣೆ ಗುರುತಿನ ಚೀಟಿಯಲ್ಲಿ ದಾವಣಗೆರೆ. ನಡುವೆ ಮಾಡಿಸಿದ ಒಂದು ಅರ್ಜಿಯಲ್ಲಿ ಮತ್ತೆ ಬಳ್ಳಾರಿ. ಹೊಸ ಕಾಗದದಲ್ಲಿ ವಿಜಯನಗರ. ಓದಿ ಮುಗಿಸಿ ಹನುಮಕ್ಕ ಹೇಳಿದಳು: "ನಾನು ಕುಂತಲ್ಲೇ ಕುಂತೀನ್ರಿ. ಜಿಲ್ಲೇನ ಓಡಾಡ್ತಾವ. ಯಾಕ, ಈ ಸಲ ಮೂವತ್ತೆರಡು ಅಂತ ಬರ್ಕೊಂಡೀರೇನು?"

"ನಿಮ್ಮ ಬಾಯಿ ಹಂಗೇ ಐತಿ."

"ನಿಮ್ಮ ಗಂಗಾಳ?"

"ಐತಿ. ಬರ್ರಿ" ಎಂದು ಇಟ್ಟೆ.

ಮೂರಂಗಡಿಯೂ ಸುಳ್ಳು ಹೇಳಿರಲಿಲ್ಲ. ಯಾವಾಗಿನ ಮಾಲು ಎಂದು ಚೀಲದ ಮೇಲೆ ಬರೆದಿರಲಿಲ್ಲ, ಅಷ್ಟೇ. ಹಿಂದಿನ ವರ್ಷ ಗಿರಿಜಾ ಮುಗ್ಗರಿಸಿದ್ದೂ ಅಲ್ಲೇ. ಅವತ್ತೇ ನೋಟ್ ಬುಕ್ಕಿನ ಮೊದಲ ಹಾಳೆಯಲ್ಲಿ ಬರೆಸಿದೆ: ಉತ್ತರದ ಪಕ್ಕ ಆ ಪುಟ ಬರೆದವರು ಯಾರು, ಯಾವ ತಾರೀಖು, ಎರಡನ್ನೂ ಬರೆಯಬೇಕು. ತಾರೀಖು ಇಲ್ಲದ ಪುಟದ ಉತ್ತರ ಬೇಡ.

ಆ ವರ್ಷ ಮಳೆ ಬಿಡಲೇ ಇಲ್ಲ. ನಮ್ಮ ಒಣನೆಲದವರಿಗೆ ಮಳೆ ಬಂದರೆ ಖುಷಿ. ಆದರೆ ಶೇಂಗಾ ಕೀಳುವ ಹೊತ್ತಿಗೆ ಬಂದರೆ ಕಾಯಿ ಹೊಲದಲ್ಲೇ ಮೊಳೆಯುತ್ತದೆ. ಹೆಂಗಸರು ಕೆಸರಿನಲ್ಲಿ ಕೂತು ಕಿತ್ತರು. ಗ್ರಂಥಾಲಯದ ಜಗಲಿಯ ಮೇಲೆಲ್ಲ ಯಾರ್ಯಾರದೋ ಬಳ್ಳಿ ಹರವಿದ್ದರು. ಬೇಡವೆನ್ನಲು ನಮ್ಮ ಹತ್ತಿರ ಬಾಯಿರಲಿಲ್ಲ. ಓದಲು ಬಂದವರು ಬಳ್ಳಿ ದಾಟಿಕೊಂಡು ಒಳಗೆ ಬರುತ್ತಿದ್ದರು.

ಆ ಶೇಂಗಾವೇ ನಮ್ಮ ಲೆಕ್ಕದ ಕಲ್ಲಾಯಿತು. ಒಂದು ಪ್ರಶ್ನೆಗೆ ಮೂರು ಅಂಗಡಿಗೆ ಮೂರು ಕಾಯಿ. ಮೂರರ ಉತ್ತರ ಕೂಡಿದರೆ ಕಾಯಿ ಒಡೆದು ತಿಂದು, ಸಿಪ್ಪೆಯನ್ನು ಆ ಹಾಳೆಯಲ್ಲಿ ಗುರುತಿಗೆ ಇಡುವುದು. ಕೂಡದಿದ್ದರೆ ಕಾಯಿ ಮುಟ್ಟುವ ಹಾಗಿಲ್ಲ. ಗಿರಿಜಾ ಮಧ್ಯಾಹ್ನದ ಹಸಿವಿಗಾದರೂ ಉತ್ತರ ಕೂಡಲಿ ಎಂದು ಕಾಯುತ್ತಿದ್ದಳು.

ಯಾವ ಅಂಗಡಿ ಒಳ್ಳೆಯದು ಎಂದು ಈಗಲೂ ಬಂದವರು ಕೇಳುತ್ತಾರೆ. ನಾನು ಕಂಡಷ್ಟು ಹೇಳುತ್ತೇನೆ. ದೊಡ್ಡಂಗಡಿಯಲ್ಲಿ ಸಿಗದ ಮಾಲಿಲ್ಲ. ಆದರೆ ಮೊದಲ ಎರಡು ಮೂರು ಸಾಲು ಎಷ್ಟೋ ಸಲ ಜಾಹೀರಾತು. ಗಿರಿಜಾಳ ಫೋನಿನಲ್ಲಿ ಒಂದು ಕೇಳಿದರೆ ಒಂದು ಮೇಲೆ ಬರುತ್ತದೆ, ಅದನ್ನೇ ಕಂಪ್ಯೂಟರಿನಲ್ಲಿ ಕೇಳಿದರೆ ಇನ್ನೊಂದು. ಗಿರಾಕಿ ಮುಖ ನೋಡಿ ಮಾಲು ತೋರಿಸುವ ಅಂಗಡಿ. ಕನ್ನಡದಲ್ಲಿ ಕೇಳಿದರೂ ಅಷ್ಟಿಷ್ಟು ಕೊಡುತ್ತದೆ, ನಮ್ಮೂರ ಕಡೆಯ ಸುದ್ದಿಗೆ ಅದೇ ಸೈ. ಮನೆಯಳಿಯ ಚಿತ್ರ ಚೆನ್ನಾಗಿ ತೋರಿಸುತ್ತಾನೆ. ನದಿ ಕೇಳಿದರೆ ನದಿ, ಹಕ್ಕಿ ಕೇಳಿದರೆ ಹಕ್ಕಿ. ಕೇಳದ ಸುದ್ದಿಯನ್ನೂ ನಡುವೆ ಸುರಿಯುತ್ತಾನೆ. ಮರೆಗುಳಿಗೆ ಕನ್ನಡ ಕಡಿಮೆ. ಗಿರಿಜಾ ಇಂಗ್ಲಿಷಿನಲ್ಲಿ ಬಡಿದು ನನಗೆ ಕನ್ನಡದಲ್ಲಿ ಹೇಳಬೇಕು. ಆದರೆ ಯಾರ ಫೋನಿನಲ್ಲಿ ಕೇಳಿದರೂ ನಮಗೆ ಹೆಚ್ಚುಕಡಿಮೆ ಒಂದೇ ಸಾಲು ಬಂತು. ಹೋಲಿಸಿ ನೋಡಲು ಅದು ಅನುಕೂಲ. ಮೂರರಲ್ಲಿ ಒಂದಕ್ಕೇ ಜೋತು ಬೀಳುವವರಿಗೆ ನಾನು ಚೀಲದ ಕಥೆ ಹೇಳಿ ಕಳಿಸುತ್ತೇನೆ.

ಐವತ್ತೊಂಬತ್ತು ಪ್ರಶ್ನೆ ಹೀಗೆ ಮುಗಿದವು. ಕೊನೆಯದೊಂದು ನಮ್ಮ ಬೆಳೆಯದೇ ಇರಲಿ ಎಂದು ಗಿರಿಜಾ ಬರೆದಳು: ಶೇಂಗಾ ಕಾಯಿ ಗಿಡದ ಯಾವ ಭಾಗದಿಂದ ಆಗುತ್ತದೆ?

"ಬೇರಿನ್ಯಾಗ. ಗೊತ್ತಿದ್ದದ್ದೇ" ಎಂದು, ಶೇಂಗಾ ಬೇರಿನಲ್ಲಿ ಬೆಳೆಯುತ್ತದೆಯೇ ಎಂದು ಮೂರೂ ಕಡೆ ಕೇಳಿದಳು. ಮೂರೂ ಹೌದು ಎಂದವು. ಬೇರಿನ ಕಾಯಿ ಎಂದವು. ಮೂರು ಕಾಯಿ ಕೂಡಿದವು. ಗಿರಿಜಾ ಒಂದನ್ನು ಒಡೆದೂಬಿಟ್ಟಳು.

"ತಿನ್ನಬ್ಯಾಡ, ಇಡು" ಎಂದೆ.

"ಯಾಕ? ಮೂರೂ ಕೂಡ್ಯಾವಲ್ಲ."

"ಮೂರೂ ಪುಟ ಗಟ್ಟಿಯಾಗಿ ಓದು."

ಓದಿದಳು. ಎರಡನೆಯದಕ್ಕೆ ಬರುವಷ್ಟರಲ್ಲಿ ಅವಳ ದನಿ ನಿಧಾನವಾಯಿತು. ಮೂರರಲ್ಲೂ ಅವೇ ಮಾತು, ಅದೇ ಸಾಲು. ಕೊನೆಯಲ್ಲಿ "ಮಕ್ಕಳಿಗೆ ಇದು ಬಲು ಇಷ್ಟ" ಎನ್ನುವುದು ಕೂಡ ಮೂರರಲ್ಲೂ ಇತ್ತು. ಒಬ್ಬ ಬರೆದಿದ್ದ, ಇಬ್ಬರು ಎತ್ತಿಕೊಂಡಿದ್ದರು. ಒಂದೇ ಕಣದ ಕಾಳನ್ನು ಮೂರು ಚೀಲಕ್ಕೆ ತುಂಬಿ ತಂದು ಮೂರು ಹೊಲದ್ದು ಎನ್ನುವವರನ್ನು ನಾನು ಕೊಟ್ಟೂರಿನಲ್ಲಿ ಬೇಕಾದಷ್ಟು ನೋಡಿದ್ದೇನೆ. ಮಣ್ಣಿನ ಬಣ್ಣ ನೋಡಿದರೆ ಸಾಕು, ಗೊತ್ತಾಗುತ್ತದೆ.

ಎದ್ದು ಹೊರಗೆ ಹೋದೆ. ಗ್ರಂಥಾಲಯದ ಹಿಂದಿನ ಹೊಲದಲ್ಲಿ ತಡವಾಗಿ ಬಿತ್ತಿದ್ದ ಎರಡು ಸಾಲು ಇನ್ನೂ ನಿಂತಿದ್ದವು. ಹೊಲದವಳನ್ನು ಕೂಗಿ ಕೇಳಿ ಒಂದು ಗಿಡ ಕಿತ್ತು ಕೆಸರು ಸಮೇತ ತಂದು ಮೇಜಿನ ಮೇಲಿಟ್ಟೆ. ಗಿರಿಜಾ ಕಂಪ್ಯೂಟರನ್ನು ಹಿಂದಕ್ಕೆ ಎಳೆದುಕೊಂಡಳು.

"ನೋಡು. ಇದು ಹೂವು. ಹೂ ಬಾಡಿದ ಮ್ಯಾಲ ಅದರ ಬುಡದಿಂದ ಸೂಜಿ ಹೊಂಡತೈತಿ. ಸೂಜಿ ಇಳಿದು ಮಣ್ಣು ಹೊಗತೈತಿ. ಆ ಸೂಜಿ ತುದಿಗೆ ಕಾಯಿ. ಬೇರು ಅಗೋ, ಅದು ಬ್ಯಾರೆ ಐತಿ."

ಗಿರಿಜಾ ಗಿಡವನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಅಯ್ಯ, ಹೌದಲ್ಲ" ಎಂದಳು. ಹುಟ್ಟಿದಾಗಿನಿಂದ ಶೇಂಗಾ ಹೊಲದ ದಂಡೆಯಲ್ಲೇ ಬೆಳೆದ ಹುಡುಗಿ.

ಕೈ ತೊಳೆದುಕೊಂಡು ಮತ್ತೆ ಹುಡುಕಿದಳು. ಈ ಸಲ ಬೇರು ಎಂಬ ಮಾತೇ ಎತ್ತಲಿಲ್ಲ. ಶೇಂಗಾ ಹೂವು ಕಾಯಿಯಾಗುವುದು ಹೇಗೆ ಎಂದು ಕೇಳಿದಳು. ಮರೆಗುಳಿ ಕೃಷಿ ಕಾಲೇಜಿನ ಒಂದು ಪಾಠ ತಂದಿತು, ಚಿತ್ರ ಸಮೇತ. ದೊಡ್ಡಂಗಡಿಯಲ್ಲೂ ಬೇರೆಯವರು ಬೇರೆ ಮಾತಿನಲ್ಲಿ ಬರೆದದ್ದು ಕೆಳಗೆ ಸಿಕ್ಕಿತು. ಮನೆಯಳಿಯ ಸೂಜಿ ಇಳಿಯುವ ಚಿತ್ರವನ್ನೇ ದೊಡ್ಡದಾಗಿ ತೋರಿಸಿದ. ಬೇರು ಎಂದು ಕೇಳಿದ್ದಕ್ಕೆ ಬೇರು ಎಂದು ಬರೆದವರನ್ನೇ ಹುಡುಕಿ ತಂದಿದ್ದವು. ನಾವು ಬಾಯಿಗೆ ಕೊಟ್ಟ ಉತ್ತರವನ್ನೇ ನಮಗೆ ವಾಪಸು ಕೊಟ್ಟಿದ್ದವು.

ಹೊಲದವಳಿಂದ ಮಣ್ಣು ಸಮೇತ ಇನ್ನೊಂದು ಎಳೆ ಗಿಡ ಅಗೆಸಿ ತಂದು ಬಣ್ಣದ ಡಬ್ಬಿಯಲ್ಲಿ ನೆಟ್ಟೆ. ಕೊಡದ ತಳದ ನೀರು ಅದಕ್ಕೆ ಹಾಕುತ್ತಿದ್ದೆ. "ಇದ್ಯಾಕ?" ಎಂದಳು ಗಿರಿಜಾ. "ಇರ್ಲಿ" ಎಂದೆ.

ಕಾರ್ತಿಕದಲ್ಲಿ ರಸಪ್ರಶ್ನೆ ಆಯಿತು. ಮಳೆ ಹೊಳವಾಗಿತ್ತು, ಬಿಸಿಲು ಎಳೆಯದಾಗಿತ್ತು. ಐದು ತಾಲ್ಲೂಕಿನ ಹೆಂಗಸರು ಬಸ್ಸಿಳಿದು ಬಂದರು. ಹನುಮಕ್ಕ ಒಳಗೆ ಬಂದವಳೇ ಗಂಗಾಳವನ್ನು ಬೆರಳಿನಿಂದ ತಟ್ಟಿ ನೋಡಿ, "ಸೀಳಿಲ್ಲ, ಗಟ್ಟಿ ಐತಿ" ಎಂದು ಹೋಗಿ ಕುಳಿತಳು.

ಪ್ರಶ್ನೆ ಓಡಿದವು. ನಾಲ್ಕು ಸಲ ಬೇರೆ ಬೇರೆ ತಂಡದವರು ತಕರಾರು ತೆಗೆದರು. ಗಿರಿಜಾ ಪ್ರತಿ ಸಲ ನೋಟ್ ಬುಕ್ಕು ತೆರೆದು ಯಾರು ಬರೆದದ್ದು, ಯಾವ ತಾರೀಖು ಎಂದು ಓದಿದಳು. ಸಿಪ್ಪೆ ಉದುರಿತು. ಜನ ನಕ್ಕರು, ಆದರೆ ತಕರಾರು ನಿಂತಿತು. ಹರಪನಹಳ್ಳಿ ಜಿಲ್ಲೆ ಎಷ್ಟು ಸಲ ಬದಲಾಗಿದೆ ಎಂಬ ಪ್ರಶ್ನೆಯೂ ಇತ್ತು. ಅದು ಹಡಗಲಿಯವರಿಗೆ ಬಂದು ಅವರು ತಪ್ಪು ಹೇಳಿದಾಗ ನಾನು ಗಂಗಾಳ ಬಾರಿಸಿದೆ. ಹನುಮಕ್ಕ ಕುಳಿತಲ್ಲಿಂದಲೇ ಚಪ್ಪಾಳೆ ತಟ್ಟಿದಳು.

ಕೊನೆಗೆ ಅರವತ್ತನೆಯದು. ಸರದಿ ಕೊಟ್ಟೂರಿನದು. ಮುಂದಾಳು ಕೊಟ್ರಮ್ಮ, ಅಂಗನವಾಡಿ ಟೀಚರು, ಮಾತಿನಲ್ಲಿ ಗಟ್ಟಿ.

"ಬೇರು" ಎಂದಳು.

"ತಪ್ಪು. ಹೂವು" ಎಂದಳು ಗಿರಿಜಾ. ನಾನು ಬಾರಿಸಿದೆ.

ಕೊಟ್ರಮ್ಮ ನಿಂತಳು. "ಒಪ್ಪಂಗಿಲ್ರಿ. ಹೂವಿನ್ಯಾಗ ಶೇಂಗಾ ಅಂತ ಯಾರಾರ ಕೇಳೀರೇನು?" ಫೋನು ತೆಗೆದು ಹುಡುಕಿ ಎತ್ತಿ ಹಿಡಿದಳು. "ನೋಡ್ರಿ, ಒಂದಲ್ಲ, ಮೂರು ಕಡೆ ಐತಿ. ಬೇರು, ಬೇರು, ಬೇರು. ನಿಮ್ಮ ಉತ್ತರ ಈ ವರ್ಷಾನೂ ಸುಳ್ಳು."

ಹಾಲ್‌ನಲ್ಲಿ ಗದ್ದಲ ಎದ್ದಿತು. ಬೇರೇ ಎಂದರು, ಹೌದೌದು ಎಂದರು. ಗಿರಿಜಾ ನೋಟ್ ಬುಕ್ಕು ಓದಲು ಹೋದಳು, ಗದ್ದಲದಲ್ಲಿ ಕೇಳಿಸಲಿಲ್ಲ. ಅಧ್ಯಕ್ಷೆ ನನ್ನ ಕಡೆ ತಿರುಗಿ, "ದುರುಗಮ್ಮ, ಗಂಗಾಳ ಕೆಳಗಿಡ್ರಿ. ಇದನ್ನ ವಾಪಸ್ ತಗಳ್ಳೂಣು" ಎಂದಳು.

ಹಿಂದಿನ ವರ್ಷವೂ ಹೀಗೇ ಆಗಿತ್ತು. ಅಚ್ಚಾದದ್ದು ಒಂದು ಕಡೆ, ನಾನು ಕಂಡದ್ದು ಒಂದು ಕಡೆ.

"ಇಡಂಗಿಲ್ಲ" ಎಂದೆ. ಗಂಗಾಳ ಕಂಕುಳಲ್ಲಿ ಇಟ್ಟುಕೊಂಡೇ ಹಿಂದಕ್ಕೆ ಹೋಗಿ ಡಬ್ಬಿ ಎತ್ತಿಕೊಂಡು ಬಂದೆ. ಭಾರವಿತ್ತು. ಯಾರೂ ಕೈ ಹಾಕಲಿಲ್ಲ, ನಾನೂ ಕರೆಯಲಿಲ್ಲ. ಮೇಜಿನ ಮೇಲೆ ಇಟ್ಟು ಕೊಟ್ರಮ್ಮನನ್ನು ಕೇಳಿದೆ:

"ಟೀಚರ, ನಿಮ್ದು ಹೊಲ ಐತೇನು?"

"ಐತಿ. ನಾಕು ಎಕ್ರೆ."

"ಸೂಜಿ ಇಳಿದ ಮ್ಯಾಲ ಕಳೆ ತೆಗಿಯಾಕ ಎಡಿಕುಂಟಿ ಹಾಕ್ತೀರೇನು?"

"ಯಾರಾರ ಹಾಕ್ತಾರೇನ್ರಿ? ಸೂಜಿ ಮುರಿದು ಕಾಯಿ ಆಗಂಗಿಲ್ಲ."

ಹೇಳಿದ ಮೇಲೆ ಎತ್ತಿ ಹಿಡಿದಿದ್ದ ಫೋನನ್ನು ಕೆಳಗಿಳಿಸಿದಳು.

"ಕಾಯಿ ಬೇರಿನ್ಯಾಗ ಆಗೋದಾದ್ರ ಸೂಜಿ ಮುರಿದ್ರ ನಿಮಗೇನು?" ಎಂದು ಗಿಡ ಕಿತ್ತೆ. ಒಂದು ಸೂಜಿ ಇನ್ನೂ ಮಣ್ಣು ಮುಟ್ಟಿರಲಿಲ್ಲ, ಹೂವಿನ ಬುಡದಿಂದ ಇಳಿಬಿದ್ದಿತ್ತು. ಅದನ್ನು ಎಲ್ಲರಿಗೂ ಕಾಣುವ ಹಾಗೆ ಹಿಡಿದೆ. ಮಿಕ್ಕ ಸೂಜಿಗಳ ತುದಿಯಲ್ಲಿ ಕಾಯಿ ಜೋತಿದ್ದವು. ಬೇರು ಕೂದಲಿನ ಹಾಗೆ ಬರಿದೇ ನೇತಾಡುತ್ತಿತ್ತು.

ಆ ಹಾಲ್‌ನಲ್ಲಿ ಶೇಂಗಾ ಕೀಳದ ಕೈ ಒಂದೂ ಇರಲಿಲ್ಲ. ಸೂಜಿ ಇಳಿದ ಮೇಲೆ ಹೊಲಕ್ಕೆ ಕುಂಟೆ ಬಿಡದೆ ಕಾದವರೇ ಎಲ್ಲರೂ. ಬೇರೆಂದು ಕೂಗಿದವರೂ ಅವರೇ. ಮೊದಲು ಹನುಮಕ್ಕ ನಕ್ಕಳು. ಆಮೇಲೆ ಎಲ್ಲ ಕಡೆಯಿಂದ ನಗು ಎದ್ದಿತು. ಕೊಟ್ರಮ್ಮನೂ ನಗುತ್ತ ಫೋನನ್ನು ಸೆರಗಿನಲ್ಲಿ ಕಟ್ಟಿಕೊಂಡಳು. "ಫೋನ್ ನೋಡೋ ಮೊದಲು ಹೊಲ ನೆನಸಬೇಕಿತ್ತು ನೋಡ್ರಿ. ಬಾರಿಸ್ರಿ ಯಮ್ಮಾ, ಇನ್ನೊಂದು ಸಲ ಬಾರಿಸ್ರಿ, ನನಗ ಬುದ್ಧಿ ಬರ್ಲಿ" ಎಂದಳು. ಬಾರಿಸಿದೆ. ಅಷ್ಟು ಜೋರಾಗಿ ನಾನು ಅದನ್ನು ಯಾವತ್ತೂ ಬಾರಿಸಿರಲಿಲ್ಲ.

ಅರವತ್ತೂ ಗಟ್ಟಿ ನಿಂತವು. ಗೆದ್ದವರು ಹಗರಿಬೊಮ್ಮನಹಳ್ಳಿಯವರು. ಹರಪನಹಳ್ಳಿ ಎರಡನೆಯದು. ಅಧ್ಯಕ್ಷೆ ಮುಗಿಸಲು ಎದ್ದಾಗ ನಾನು ತಡೆದು ನಿಂತೆ. ಸಭೆಯಲ್ಲಿ ಮಾತಾಡಿ ಗೊತ್ತಿಲ್ಲ. ಹೇಳಬೇಕಾದ್ದು ಎರಡು ಮಾತು, ಹೇಳಿದೆ. "ಹೋದ ವರ್ಷ ಬೀಗತೇರು ಹೇಳಿದ ಮೂವತ್ತೊಂದು ಖರೇ ಇತ್ತು. ನನಗೂ ಗೊತ್ತಿತ್ತು. ಗೊತ್ತಿದ್ದೂ ಬಾರಿಸಿದೆ." ಯಾರೂ ಚಪ್ಪಾಳೆ ತಟ್ಟಲಿಲ್ಲ. ತಟ್ಟುವಂಥ ಮಾತೂ ಅಲ್ಲ ಅದು.

ಹನುಮಕ್ಕ ಎದ್ದು ಬಂದು ಮೇಜಿನ ಮೇಲಿನ ಗಿಡದಿಂದ ಎರಡು ಕಾಯಿ ಕಿತ್ತುಕೊಂಡಳು. ಒಂದನ್ನು ಒಡೆದು ಬಾಯಿಗೆ ಹಾಕಿಕೊಂಡಳು.

"ಎಳೀವು ಅದಾವ" ಎಂದಳು. ಆಮೇಲೆ, "ಈ ಸಲದ ಸೋಲು ನಂದ್ರಿ ಬೀಗತೇರ. ಹೋದ ಸಲದ್ದು ನಿಮ್ದು. ನಿಮ್ದು ನೀವು ತಗಂಡ್ರಲ್ಲ, ಮುಗೀತು" ಎಂದು ಇನ್ನೊಂದು ಕಾಯಿಯನ್ನು ನನ್ನ ಕೈಗೆ ಹಾಕಿದಳು. "ಬರೋ ಸೋಮವಾರ ಬರ್ರಿ. ನಿಮ್ಮ ಮಗಳು ನಿಮ್ಮ ಕೈ ರೊಟ್ಟಿ ಬೇಕಂತಾಳ. ಗಂಗಾಳ ತರಬ್ಯಾಡ್ರಿ, ನಮ್ಮನ್ಯಾಗ ಅದಾವ."

ಬಸ್ಸು ಬಂತು, ಹೋದರು. ಗಿರಿಜಾ ನೋಟ್ ಬುಕ್ಕನ್ನು ಎದೆಗೆ ಒತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಮುಂದಿನ ಮೂರು ವರ್ಷವೂ ಐದು ತಾಲ್ಲೂಕಿನ ಪ್ರಶ್ನೆಪತ್ರಿಕೆ ಅವಳೇ ಮಾಡಿದ್ದಾಳೆ. ಪ್ರತಿ ಉತ್ತರ ನನ್ನ ಮೊರದ ಮೇಲೆ ಹಾದೇ ಹೋಗಿದೆ.

ಆ ರಸಪ್ರಶ್ನೆಯ ಮರುದಿನ ಬೆಳಿಗ್ಗೆ ಬಾಗಿಲು ತೆಗೆದವಳು ಮೊದಲು ಕಸಬರಿಗೆ ಹಿಡಿಯಲಿಲ್ಲ. ಬೀರುವಿನಿಂದ ಹಿಂದಿನ ವರ್ಷದ ಉತ್ತರದ ಕಾಗದ ತೆಗೆದೆ. ಮೂವತ್ತು ಎಂದು ಅಚ್ಚಾಗಿದ್ದದ್ದರ ಮೇಲೆ ಗೀಟು ಎಳೆದೆ. ಪಕ್ಕದಲ್ಲಿ ಮೂವತ್ತೊಂದು ಎಂದು ನನ್ನ ಕೈಯಾರೆ ಬರೆದೆ. ಒತ್ತಕ್ಷರ ಎರಡು ಸಲ ತಿದ್ದಬೇಕಾಯಿತು. ಅದರ ಕೆಳಗೆ ಬರೆದವರು ದುರುಗಮ್ಮ ಎಂದು ಹಾಕಿ, ಗೋಡೆಯ ಕ್ಯಾಲೆಂಡರು ನೋಡಿ ಆವತ್ತಿನ ತಾರೀಖು ಹಾಕಿದೆ. ಆಮೇಲೆ ಹಾಲ್ ಗುಡಿಸಿದೆ.